ಹಿಮ್ಮಡಿ ನೋವಿಗೆ ಹದವಾದ ಭಾರವೇ ಮದ್ದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ – ಈ ಮೂರು ತಾಲ್ಲೂಕುಗಳಲ್ಲಿ ದುಡಿಮೆಯೆಂದರೆ ಬಹುಪಾಲು ಕಾಲಿನ ದುಡಿಮೆ. ನಸುಕಿಗೇ ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ರಬ್ಬರ್ ತೋಟದ ಇಳಿಜಾರಿನಲ್ಲಿ ಮರದಿಂದ ಮರಕ್ಕೆ ನಡೆಯುವ ಟ್ಯಾಪರ್, ಗೇರುಬೀಜ ಕಾರ್ಖಾನೆಯಲ್ಲಿ ಒಂದು ಕಾಲೂರಿ ಮತ್ತೊಂದರಿಂದ ಪೆಡಲ್ ಒತ್ತುತ್ತ ಬೀಜ ಕತ್ತರಿಸುವ ಹೆಂಗಸು, ಬಿ.ಸಿ.ರೋಡಿನ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಹುಡುಗಿ, ಗೆಜ್ಜೆ ಕಟ್ಟಿ ಕುಣಿಯುವ ಯಕ್ಷಗಾನ ಮೇಳದ ಕಲಾವಿದ, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ಓಡಾಡುವ ಗೃಹಿಣಿ – ಇವರಲ್ಲಿ ಅನೇಕರ ದೂರು ಒಂದೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ಹತ್ತಿಪ್ಪತ್ತು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲ. ಸಂಜೆಯ ಹೊತ್ತಿಗೆ ಮತ್ತೆ ಜೋರು. ಆಮೇಲಿನ ಕಥೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಎಕ್ಸ್‌ರೇ ತೆಗೆಸುವುದು, ‘ಎಲುಬು ಬೆಳೆದಿದೆ’ ಎಂಬ ಮಾತು ಕೇಳುವುದು, ನೋವಿನ ಮಾತ್ರೆ ನುಂಗುವುದು, ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು, ಕೊನೆಗೆ ‘ಆಪರೇಷನ್ ಆಗಬೇಕಾ’ ಎಂದು ಹೆದರುವುದು. ಈ ಹೆದರಿಕೆಗೆ ಆಧಾರ ಬಹಳ ಕಡಿಮೆ. ಕಳೆದ ಎರಡು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಇದು ಬೆಳೆದ ಎಲುಬಿನ ಕಾಯಿಲೆ ಎನ್ನುವುದಕ್ಕಿಂತ ಪಾದದ ತಾಕತ್ತಿಗೂ ಅದರ ಮೇಲೆ ಬೀಳುವ ಭಾರಕ್ಕೂ ತಪ್ಪಿದ ಲೆಕ್ಕ ಎನ್ನುವುದೇ ಸರಿ. ಲೆಕ್ಕ ಸರಿಪಡಿಸುವ ಕೆಲಸ ಹೆಚ್ಚಾಗಿ ಮನೆಯಲ್ಲಿ, ಮೆಟ್ಟಿಲ ಮೇಲೆ ಮತ್ತು ಕೆಲಸದ ಜಾಗದಲ್ಲಿ ಆಗಬೇಕು.

ಪಾದದ ಅಡಿಯಲ್ಲಿ, ಚರ್ಮ ಮತ್ತು ಕೊಬ್ಬಿನ ಮೆತ್ತೆಯ ಒಳಗೆ, ಹಿಮ್ಮಡಿ ಮೂಳೆಯಿಂದ ಹೊರಟು ಐದೂ ಬೆರಳುಗಳ ಬುಡಕ್ಕೆ ಹರಡುವ ಬಿಗಿಯಾದ ನಾರಿನ ಪಟ್ಟಿಯೊಂದಿದೆ. ವೈದ್ಯರು ಅದನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಪಾದದ ಕಮಾನು ಕುಸಿಯದಂತೆ ಹಿಡಿದಿಡುವುದು ಅದರ ಕೆಲಸ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಮಡಿಚುತ್ತದೆ, ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿ ಬಿಗಿಯಾಗುತ್ತದೆ, ಕಮಾನು ಮೇಲೇಳುತ್ತದೆ, ಸಡಿಲವಾಗಿದ್ದ ಪಾದ ಒಂದು ಕ್ಷಣ ಗಟ್ಟಿ ಸನ್ನೆಕೋಲಾಗಿ ದೇಹವನ್ನು ಮುಂದಕ್ಕೆ ದೂಡುತ್ತದೆ. ಈ ವ್ಯವಸ್ಥೆಯನ್ನು 1954ರಲ್ಲಿ ಜೆ.ಎಚ್. ಹಿಕ್ಸ್ ಎಂಬ ಬ್ರಿಟಿಷ್ ತಜ್ಞ ವಿವರಿಸಿದರು. ದಿನಕ್ಕೆ ಸಾವಿರಾರು ಸಲ ನಡೆಯುವ ಈ ಎಳೆತದಲ್ಲಿ ಹೆಚ್ಚು ಒತ್ತಡ ಬೀಳುವುದು ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಒಳಬದಿಯ ಬಿಂದುವಿನಲ್ಲಿ. ಬಾವಿಯ ಹಗ್ಗ ರಾಟೆಗೆ ತಾಗುವ ಜಾಗದಲ್ಲೇ ಎಳೆ ಬಿಡುವಂತೆ, ನಾರು ಸವೆಯುವುದೂ ಅಲ್ಲೇ. ಹೆಬ್ಬೆರಳಿನಿಂದ ಒತ್ತಿದರೆ ‘ಇದೇ ಜಾಗ’ ಎಂದು ರೋಗಿ ಕಾಲೆಳೆದುಕೊಳ್ಳುವುದು ಆ ಬಿಂದುವನ್ನು ಮುಟ್ಟಿದಾಗಲೇ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿರುತ್ತದೆ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಇರುತ್ತದೆ. ಬೆಳಿಗ್ಗೆ ಒಮ್ಮೆಲೇ ದೇಹದ ಪೂರ್ತಿ ತೂಕ ಬಿದ್ದಾಗ ಸವೆದ ಜಾಗ ಸೆಳೆಯುತ್ತದೆ. ಗಂಟೆಗಟ್ಟಲೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ, ಆಮೇಲೆ ಬೀಡಿ ಕಂಪನಿಯ ಬ್ರಾಂಚಿಗೆ ಹೊರಡಲು ಎದ್ದಾಗ ಹಿಮ್ಮಡಿ ಚುಚ್ಚುವುದೂ ಇದೇ ಕಾರಣಕ್ಕೆ. ಅಲ್ಲಿ ನಿಂತು ದುಡಿದ ದಣಿವು ಇರುವುದಿಲ್ಲ, ಕುಳಿತು ಕುಗ್ಗಿದ ಪಾದಕ್ಕೆ ದಿಢೀರನೆ ಬಿದ್ದ ಭಾರ ಇರುತ್ತದೆ.

ಎಕ್ಸ್‌ರೇಯಲ್ಲಿ ಕಾಣುವ ಮುಳ್ಳು

ಹಾಗಾದರೆ ಎಕ್ಸ್‌ರೇಯಲ್ಲಿ ಕಾಣುವ ಆ ಚೂಪಾದ ಮುಳ್ಳಿನ ಕತೆಯೇನು? ಕಣ್ಣಿಗೆ ಕಾಣುವುದನ್ನೇ ಕಾರಣ ಎಂದು ನಂಬುವುದು ಸಹಜ. ಆದರೆ ಹಿಮ್ಮಡಿ ನೋವಿಲ್ಲದ ಜನರ ಎಕ್ಸ್‌ರೇ ತೆಗೆದರೂ ಅನೇಕರಲ್ಲಿ ಇಂಥದೇ ಮುಳ್ಳು ಕಾಣುತ್ತದೆ. ವಯಸ್ಸಾದಂತೆ ಅದು ಇನ್ನಷ್ಟು ಸಾಮಾನ್ಯ. ಅತ್ತ ತೀವ್ರ ನೋವಿರುವ ಅನೇಕರ ಎಕ್ಸ್‌ರೇಯಲ್ಲಿ ಮುಳ್ಳಿನ ಸುಳಿವೇ ಇರುವುದಿಲ್ಲ. ಮುಳ್ಳು ನೋವಿನ ಮೂಲವಾಗಿದ್ದರೆ ನೋವು ಹೋದಾಗ ಅದೂ ಹೋಗಬೇಕಿತ್ತು. ಆದರೆ ಗುಣವಾದವರ ಹಿಮ್ಮಡಿಯಲ್ಲಿ ಮುಳ್ಳು ಹಾಗೆಯೇ ಉಳಿದಿರುತ್ತದೆ. ಅದು ಕೆಳಗೆ ನೆಲಕ್ಕೆ ಚುಚ್ಚುವ ದಿಕ್ಕಿನಲ್ಲಿ ಬೆಳೆದಿರುವುದೂ ಇಲ್ಲ, ಬೆರಳುಗಳ ಕಡೆಗೆ ಅಡ್ಡಲಾಗಿ ಚಾಚಿರುತ್ತದೆ. ಅನೇಕ ಸಲ ಅದು ಫೇಶಿಯಾದ ಒಳಗಿರದೆ ಅದರ ಮೇಲಿನ ಸಣ್ಣ ಸ್ನಾಯುವಿನ ಬುಡದಲ್ಲಿರುತ್ತದೆ. ಎಂದರೆ ವರ್ಷಾನುಗಟ್ಟಲೆ ಪಾದದ ಮೇಲೆ ಬಿದ್ದ ಒತ್ತಡದ ಗುರುತು ಅದು. ಹಾಗೆಂದು ಎಕ್ಸ್‌ರೇ ವ್ಯರ್ಥ ಎಂದಲ್ಲ. ಮೂಳೆಯಲ್ಲಿ ಬಿರುಕು ಇದೆಯೇ, ಬೇರೆ ಗಂಭೀರ ತೊಂದರೆ ಇದೆಯೇ ಎಂದು ನೋಡಲು ಅದು ಬೇಕಾಗಬಹುದು. ಆದರೆ ಅದರಲ್ಲಿ ಮುಳ್ಳು ಕಂಡಿತು ಎಂಬ ಒಂದೇ ಕಾರಣಕ್ಕೆ ಅದನ್ನು ಕೆತ್ತಿ ತೆಗೆಸಬೇಕು ಎಂದು ತೀರ್ಮಾನಿಸುವುದು ತಪ್ಪು.

ಎರಡನೆಯ ತಪ್ಪು ಕಲ್ಪನೆ ಉರಿಯೂತದ್ದು. ಈ ಕಾಯಿಲೆಗೆ ಬಹುಕಾಲದಿಂದ ಇರುವ ವೈದ್ಯಕೀಯ ಹೆಸರೇ ಉರಿಯೂತವನ್ನು ಸೂಚಿಸುವುದರಿಂದ ಉರಿಯೂತ ತಗ್ಗಿಸುವ ಮಾತ್ರೆ, ಸ್ಟೀರಾಯ್ಡ್ ಇಂಜೆಕ್ಷನ್ ಸಹಜ ಚಿಕಿತ್ಸೆಯಾಗಿ ಬಂದವು. 2003ರಲ್ಲಿ ಹಾರ್ವಿ ಲೆಮಾಂಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ 50 ಮಂದಿಯ ಫೇಶಿಯಾದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಅವರು ಕಂಡದ್ದು ಸವೆದು ಅಸ್ತವ್ಯಸ್ತವಾದ ನಾರುಗಳನ್ನು. ಉರಿಯೂತದ ಗುರುತುಗಳು ಅಲ್ಲಿರಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಈ ಪಟ್ಟಿ 4 ಮಿಲಿಮೀಟರಿಗಿಂತ ದಪ್ಪವಾಗಿ ಕಾಣುವುದು ಬಹುಕಾಲದ ನೋವಿನ ಸಾಮಾನ್ಯ ಲಕ್ಷಣ. ಸವೆದ ನಾರು ಸರಿಯಾಗಿ ಕೂಡಿಕೊಳ್ಳದೆ ಒಡ್ಡೊಡ್ಡಾಗಿ ದಪ್ಪಗಾಗಿದೆ ಎಂದು ಇದರ ಅರ್ಥ. ನೋವು ಶುರುವಾದ ಮೊದಲ ವಾರಗಳಲ್ಲಿ ಒಂದಿಷ್ಟು ಉರಿಯೂತ ಇರಲೂಬಹುದು. ಆದರೆ ತಿಂಗಳುಗಟ್ಟಲೆ ಹಳೆಯದಾದ ಹಿಮ್ಮಡಿ ನೋವಿಗೆ ಬರೀ ಉರಿಯೂತದ ಮಾತ್ರೆ ನುಂಗುತ್ತ ಕೂರುವುದರಿಂದ ಹೊಟ್ಟೆ ಕೆಡುತ್ತದೆಯೇ ಹೊರತು ನಾರು ಗಟ್ಟಿಯಾಗುವುದಿಲ್ಲ. ನಾರು ಗಟ್ಟಿಯಾಗಲು ಅದಕ್ಕೆ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಅಂತರದಲ್ಲಿ ಭಾರ ಬೀಳಬೇಕು.

ಯಾರ ಕಾಲಿಗೆ, ಏಕೆ?

ಭಾರದ ಲೆಕ್ಕ ತಪ್ಪುವುದು ಹೇಗೆ ಎಂಬುದಕ್ಕೂ ಪುರಾವೆಗಳಿವೆ. 2003ರಲ್ಲಿ ಪ್ರಕಟವಾದ ಡೇನಿಯಲ್ ರಿಡಲ್ ತಂಡದ ಅಧ್ಯಯನ ಹಿಮ್ಮಡಿ ನೋವಿನ 50 ಮಂದಿಯನ್ನು ನೋವಿಲ್ಲದ 100 ಮಂದಿಯೊಂದಿಗೆ ಹೋಲಿಸಿತು. ಮೂರು ಸಂಗತಿಗಳು ಎದ್ದು ಕಂಡವು: ಕಣಕಾಲು ಮೇಲ್ಮುಖವಾಗಿ ಸರಿಯಾಗಿ ಮಡಿಚದಿರುವುದು, ದೇಹದ ತೂಕ ಬಹಳ ಹೆಚ್ಚಿರುವುದು, ದಿನದ ಕೆಲಸದ ಹೆಚ್ಚಿನ ಹೊತ್ತು ಕಾಲ ಮೇಲೆ ಇರುವುದು. ಮೂರರಲ್ಲಿ ಮೊದಲನೆಯದರ ಪ್ರಭಾವವೇ ಎಲ್ಲಕ್ಕಿಂತ ದೊಡ್ಡದು. ಮೀನಖಂಡ ಬಿಗಿದು ಕಣಕಾಲು ಮಡಿಚದಿದ್ದರೆ ಆ ಕೊರತೆಯನ್ನು ಪಾದದ ಕಮಾನು ತುಂಬಬೇಕಾಗುತ್ತದೆ, ಪಟ್ಟಿಯ ಎಳೆತ ಹೆಚ್ಚುತ್ತದೆ. 2010ರಲ್ಲಿ ಅಮೆರಿಕದ ವಾಹನ ಕಾರ್ಖಾನೆಯೊಂದರ ಕಾರ್ಮಿಕರ ಮೇಲೆ ನಡೆದ ಅಧ್ಯಯನದಲ್ಲಿ ಗಟ್ಟಿ ನೆಲದ ಮೇಲೆ ನಿಂತ ಹೊತ್ತು, ನಡೆದ ಹೊತ್ತು ಹೆಚ್ಚಾದಷ್ಟೂ ಕಾಯಿಲೆ ಹೆಚ್ಚು ಕಂಡಿತು. ಒಂದೇ ಜೊತೆ ಶೂ ಹಾಕುವುದರ ಬದಲು ಬೇರೆ ಬೇರೆ ಜೊತೆಗಳನ್ನು ಬದಲಿಸುತ್ತಿದ್ದವರಲ್ಲಿ ಕಡಿಮೆ ಕಂಡಿತು. ಹತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೊಮ್ಮೆ ಈ ನೋವು ಬರುತ್ತದೆ ಎಂಬುದು ವೈದ್ಯಕೀಯ ಅಂದಾಜು. 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು.

ಈ ಸಂಗತಿಗಳನ್ನು ಮೂರು ತಾಲ್ಲೂಕುಗಳ ದುಡಿಮೆಗೆ ಹೊಂದಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗೇರುಬೀಜ ಕತ್ತರಿಸುವ ಯಂತ್ರದ ಮುಂದೆ ನಿಂತವಳ ಎರಡೂ ಕಾಲಿಗೆ ಸಮಾನ ಕೆಲಸವಿಲ್ಲ. ಒಂದು ಕಾಲು ಪೆಡಲನ್ನು ಒತ್ತಿ ಬಿಡುತ್ತಿದ್ದರೆ ಮತ್ತೊಂದು ಸಿಮೆಂಟ್ ನೆಲದ ಮೇಲೆ ದೇಹದ ಪೂರ್ತಿ ತೂಕ ಹೊತ್ತು ಅಲುಗದೆ ನಿಲ್ಲುತ್ತದೆ. ನೆಲವೂರಿದ ಆ ಕಾಲಿನ ಹಿಮ್ಮಡಿಗೆ ವಿಶ್ರಾಂತಿಯೂ ಇಲ್ಲ, ಚಲನೆಯೂ ಇಲ್ಲ. ಯಕ್ಷಗಾನದ ಕಲಾವಿದನದು ಇನ್ನೊಂದು ಬಗೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಿರುಗಾಟವಿಲ್ಲ. ಮೇಳ ಮತ್ತೆ ಹೊರಟಾಗ ತಿಂಗಳುಗಟ್ಟಲೆ ಬಿಡುವಿನಲ್ಲಿದ್ದ ಪಾದ ತೆಂಕುತಿಟ್ಟಿನ ದಿಗಿಣಗಳ ಹೊಡೆತವನ್ನು ಒಂದೇ ವಾರದಲ್ಲಿ ತಾಳಿಕೊಳ್ಳಬೇಕು. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವ ಭಕ್ತರಲ್ಲಿ ವರ್ಷವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರೂ ಇರುತ್ತಾರೆ. ಅವರ ಪಾದಕ್ಕೂ ಇದೇ ಪರೀಕ್ಷೆ. ಒಬ್ಬರದು ಬಿಡುವಿಲ್ಲದ ಭಾರ, ಇನ್ನೊಬ್ಬರದು ಏಕಾಏಕಿ ಬಂದ ಭಾರ, ಬೀಡಿ ಕಟ್ಟುವವರದು ಕುಗ್ಗಿ ಕುಳಿತ ಮೇಲೆ ಬೀಳುವ ಭಾರ. ಮೂರಕ್ಕೂ ಮದ್ದು ಒಂದೇ ಮಾತ್ರೆಯಲ್ಲಿ ಸಿಗದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ‘ನಮ್ಮ ಅಜ್ಜ ಅಜ್ಜಿಯರು ಚಪ್ಪಲಿಯನ್ನೇ ಕಾಣದೆ ಗುಡ್ಡ ಗದ್ದೆ ತುಳಿದರು, ಅವರಿಗೆ ಇಲ್ಲದ ಹಿಮ್ಮಡಿ ನೋವು ನಮಗೇಕೆ? ಬರಿಗಾಲ ನಡಿಗೆಯೇ ಮದ್ದಲ್ಲವೇ?’ ಮೊದಲನೆಯದಾಗಿ, ಅವರಿಗೆ ಇರಲಿಲ್ಲ ಎಂಬುದೇ ಸಂದೇಹದ ಮಾತು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತಕಂಟಕವೆಂಬ ಪಾದದ ನೋವಿನ ವರ್ಣನೆಯಿದೆ. ಹೆಜ್ಜೆಯನ್ನು ಅಂಕುಡೊಂಕಾಗಿ ಇಡುವುದು ಅದರ ಕಾರಣವೆಂದು ಅಲ್ಲಿ ಹೇಳಿದೆ. ಆಯುರ್ವೇದದ ವೈದ್ಯರು ಇಂದು ಹಿಮ್ಮಡಿ ನೋವನ್ನು ಗುರುತಿಸುವುದು ಆ ಹೆಸರಿನಲ್ಲೇ. ಬರಿಗಾಲಲ್ಲಿ ನಡೆಯುತ್ತಿದ್ದ ಕಾಲದಲ್ಲೂ ಪಾದ ನೋಯುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಎರಡನೆಯದಾಗಿ, ಚಿಕ್ಕಂದಿನಿಂದ ಬರಿಗಾಲಲ್ಲಿ ಬೆಳೆದ ಪಾದದ ಸಣ್ಣ ಸ್ನಾಯುಗಳು ಗಟ್ಟಿ ಎಂಬುದು ನಿಜ. ಆದರೆ ಆ ಪಾದ ತುಳಿದದ್ದು ಸೆಗಣಿ ಸಾರಿಸಿದ ನೆಲವನ್ನು, ಗದ್ದೆಯ ಬದುವನ್ನು, ತರಗೆಲೆ ಬಿದ್ದ ಕಾಲುದಾರಿಯನ್ನು. ಮೂಡುಬಿದಿರೆಯ ಕಂಬಳದ ಕರೆಯಲ್ಲಿ ಬರಿಗಾಲಲ್ಲಿ ಓಡುವವನ ಅಡಿಗೂ ಕೆಸರು ನೀರಿನ ಮೆತ್ತೆಯಿದೆ. ಇಂದು ಅದೇ ಬರಿಗಾಲು ಮನೆಯೊಳಗೆ ವಿಟ್ರಿಫೈಡ್ ಟೈಲ್ಸ್ ಮೇಲೆ, ಗ್ರಾನೈಟ್ ಮೇಲೆ, ಅಂಗಳದ ಇಂಟರ್‌ಲಾಕ್ ಮೇಲೆ ನಡೆಯುತ್ತದೆ. ನೆಲ ಬದಲಾಗಿದೆ, ದೇಹದ ತೂಕ ಹೆಚ್ಚಿದೆ, ಬದುಕಿನ ಆಯುಸ್ಸೂ ಹೆಚ್ಚಿದೆ. ನೋವು ಶುರುವಾದ ಪಾದವನ್ನು ಬರಿಗಾಲ ನಡಿಗೆಗೆ ದೂಡುವುದು ಅದರ ಸಾಲದ ಮೇಲೆ ಇನ್ನಷ್ಟು ಸಾಲ ಹೇರಿದ ಹಾಗೆ.

ಚಿಕಿತ್ಸೆಗೆ ಮುನ್ನ ಒಂದು ಎಚ್ಚರಿಕೆ. ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲ. ನಡೆದಷ್ಟೂ ಏರುತ್ತ ಹೋಗುವ, ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳ ನಡುವೆ ಹಿಂಡಿದರೆ ಜೀವ ಹೋಗುವಂತಾಗುವ ನೋವು ಮೂಳೆಯ ಬಿರುಕಿನದಾಗಿರಬಹುದು. ಉರಿ, ಜೋಮು, ಜುಮುಜುಮು ಇದ್ದರೆ ನರದ ತೊಂದರೆ ಇರಬಹುದು. ಹರೆಯದವರಿಗೆ ಎರಡೂ ಹಿಮ್ಮಡಿ ನೋಯುತ್ತಿದ್ದು, ಬೆಳಿಗ್ಗೆ ಸೊಂಟ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿದ್ದರೆ ಬೆನ್ನುಮೂಳೆಯ ಸಂಧಿವಾತವನ್ನು ಶಂಕಿಸಬೇಕು. ನೋವು ಹಿಮ್ಮಡಿಯ ಹಿಂಬದಿಯಲ್ಲಿದ್ದರೆ ಅದು ಮೀನಖಂಡದ ಸ್ನಾಯುರಜ್ಜುವಿನದು, ಅದರ ಚಿಕಿತ್ಸೆ ಬೇರೆ. ಜ್ವರ, ಬಾವು, ರಾತ್ರಿ ಮಲಗಿದಲ್ಲೇ ಎಬ್ಬಿಸುವ ನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇವು ಯಾವುದೂ ಇಲ್ಲದೆ, ಮೊದಲ ಹೆಜ್ಜೆಯ ನೋವು ಮತ್ತು ಹಿಮ್ಮಡಿಯ ಅಡಿಯ ಒಳಬದಿಯಲ್ಲಿ ಒತ್ತಿದರೆ ನೋವು – ಈ ಎರಡು ಇದ್ದರೆ ಅನುಭವಿ ವೈದ್ಯರಿಗೆ ಸ್ಕ್ಯಾನ್ ಇಲ್ಲದೆಯೇ ಕಾಯಿಲೆ ಗೊತ್ತಾಗುತ್ತದೆ.

ಮನೆಯಲ್ಲೇ ಆಗುವ ಚಿಕಿತ್ಸೆ

ಮೊದಲನೆಯದು ಪಟ್ಟಿಯನ್ನೇ ಗುರಿಯಾಗಿಸಿದ ಎಳೆತ. ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲೇ ಹಾಸಿಗೆಯ ಅಂಚಿನಲ್ಲಿ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಟ್ಟು, ಬೆರಳುಗಳ ಬುಡ ಹಿಡಿದು ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳಿಟ್ಟು ನೋಡಿದರೆ ಪಾದದ ಅಡಿಯಲ್ಲಿ ಪಟ್ಟಿ ತಂತಿಯ ಹಾಗೆ ಬಿಗಿದದ್ದು ತಿಳಿಯುತ್ತದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಹಳ ಹೊತ್ತು ಕುಳಿತು ಏಳುವಾಗಲೂ ಮಾಡಿದರೆ ಬೀಡಿ ಕಟ್ಟುವವರಿಗೆ, ಕಚೇರಿಯಲ್ಲಿ ಕೂರುವವರಿಗೆ ವಿಶೇಷ ಉಪಯೋಗ. ಬೆನೆಡಿಕ್ಟ್ ಡಿಜಿಯೊವಾನಿ ತಂಡ ಅಮೆರಿಕದಲ್ಲಿ ಹತ್ತು ತಿಂಗಳಿಗೂ ಹಳೆಯ ನೋವಿದ್ದ 101 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ, 2003ರಲ್ಲಿ ಎಂಟು ವಾರಗಳ ಫಲಿತಾಂಶ ಪ್ರಕಟಿಸಿತು. ಬರೀ ಮೀನಖಂಡ ಎಳೆಯುವ ವ್ಯಾಯಾಮಕ್ಕಿಂತ ಇದು ಮೇಲಾಗಿ ಕಂಡಿತು. ಎರಡು ವರ್ಷಗಳ ಬಳಿಕ ಮರಳಿ ಸಂಪರ್ಕಕ್ಕೆ ಸಿಕ್ಕ 66 ಮಂದಿಯಲ್ಲಿ 92 ಶೇಕಡಾ ಜನ ತೃಪ್ತಿ ಹೇಳಿದರು. ಅಷ್ಟರಲ್ಲಿ ಎರಡೂ ಗುಂಪುಗಳಿಗೆ ಇದೇ ವ್ಯಾಯಾಮ ಕಲಿಸಿದ್ದರಿಂದ ಆ ಎರಡನೆಯ ಅಂಕಿಯನ್ನು ಪಕ್ಕಾ ಹೋಲಿಕೆ ಎನ್ನಲಾಗದು. ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಕ್ರಮವೊಂದಕ್ಕೆ ಇಷ್ಟು ಆಧಾರ ಸಾಕು. ಜೊತೆಗೆ ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಹಿಮ್ಮಡಿ ನೆಲಕ್ಕಂಟಿಸಿ ಮೀನಖಂಡ ಎಳೆಯುವುದೂ ಇರಬೇಕು. ಕಣಕಾಲಿನ ಬಿಗಿತವೇ ದೊಡ್ಡ ಕಾರಣ ಎಂದು ಆಗಲೇ ಕಂಡೆವಲ್ಲ.

ಎರಡನೆಯದು ಬಲ ತುಂಬುವ ವ್ಯಾಯಾಮ. ಈ ಲೇಖನದ ವಾದಕ್ಕೆ ಇದೇ ಮುಖ್ಯ ಆಧಾರ. ಡೆನ್ಮಾರ್ಕಿನ ಮೈಕಲ್ ರಾಥ್ಲೆಫ್ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 48 ಮಂದಿಯಿದ್ದರು. ಅರ್ಧ ಜನ ಎಳೆತದ ವ್ಯಾಯಾಮ ಮಾಡಿದರು, ಇನ್ನರ್ಧ ಜನ ದಿನ ಬಿಟ್ಟು ದಿನ ಮೆಟ್ಟಿಲ ಮೇಲೆ ಭಾರದ ವ್ಯಾಯಾಮ ಮಾಡಿದರು. ಕ್ರಮ ಸರಳ. ಬೈರಾಸು ಸುರುಳಿ ಸುತ್ತಿ ಮೆಟ್ಟಿಲಂಚಿನಲ್ಲಿ ಇಟ್ಟು, ಬೆರಳುಗಳು ಅದರ ಮೇಲೆ ಮೇಲ್ಮುಖವಾಗಿ ಮಡಿಚುವಂತೆ ಒಂಟಿ ಕಾಲಲ್ಲಿ ನಿಲ್ಲುವುದು, ಆಧಾರಕ್ಕೆ ಗೋಡೆಯನ್ನೋ ಕಂಬಿಯನ್ನೋ ಹಿಡಿಯುವುದು. ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತುವುದು, ಮೇಲೆ ಎರಡು ಸೆಕೆಂಡು ನಿಲ್ಲುವುದು, ಮೂರು ಸೆಕೆಂಡಿನಲ್ಲಿ ಇಳಿಸುವುದು. ಹನ್ನೆರಡು ಸಲ ಆಗುವಷ್ಟರಲ್ಲಿ ಕಾಲು ಸೋಲುವಂತಿರಬೇಕು, ಅಂಥ ಮೂರು ಸುತ್ತು. ಎರಡು ವಾರಗಳ ಬಳಿಕ ಬೆನ್ನಚೀಲದಲ್ಲಿ ಪುಸ್ತಕ ತುಂಬಿ ಭಾರ ಏರಿಸುತ್ತ ಹೋಗುವುದು, ಎತ್ತುವ ಸಂಖ್ಯೆ ಇಳಿಸಿ ಸುತ್ತು ಹೆಚ್ಚಿಸುವುದು. ಒಂಟಿ ಕಾಲಲ್ಲಿ ಆಗದವರು ಎರಡೂ ಕಾಲಲ್ಲಿ ಶುರು ಮಾಡಬಹುದು. ಮೂರು ತಿಂಗಳಿಗೆ ಭಾರದ ಗುಂಪಿನವರ ನೋವು ಮತ್ತು ನಡಿಗೆ ಸ್ಪಷ್ಟವಾಗಿ ಉತ್ತಮವಾಗಿತ್ತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮವಾದವು. ಎಂದರೆ ಭಾರದ ವ್ಯಾಯಾಮ ಬೇಗ ಗುಣ ಕೊಡಬಹುದು, ಆದರೆ ಅದೊಂದೇ ದಾರಿಯಲ್ಲ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ನೋಯುವ ಪಾದದ ಮೇಲೆ ದೇಹದ ಭಾರ ಹೇರಿದರೂ ಅದು ಹಾಳಾಗಲಿಲ್ಲ, ಹದವಾಗಿ ಹೇರಿದಾಗ ಗಟ್ಟಿಯಾಯಿತು. ‘ಎಲುಬು ಬೆಳೆದಿದೆ, ಕಾಲೂರಬೇಡಿ’ ಎನ್ನುವ ಸಲಹೆಗೆ ಇದೇ ಉತ್ತರ. ವ್ಯಾಯಾಮದ ವೇಳೆ ಸಹಿಸುವಷ್ಟು ನೋವು ಬಂದರೆ ತೊಂದರೆಯಿಲ್ಲ. ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿನ ದಿನಕ್ಕಿಂತ ಕೆಟ್ಟದ್ದಾಗಿದ್ದರೆ ಪ್ರಮಾಣ ಹೆಚ್ಚಾಯಿತು ಎಂದು ತಿಳಿದು ಇಳಿಸಬೇಕು.

ಮೂರನೆಯದು ಪಾದರಕ್ಷೆ. ಸವೆದು ಹಾಳೆಯಂತಾದ ಹವಾಯಿ ಚಪ್ಪಲಿ ಹಿಮ್ಮಡಿಗೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಹಿಮ್ಮಡಿಯ ಕಡೆ ತುಸು ಎತ್ತರವಿರುವ, ಮೆತ್ತಗಿದ್ದರೂ ಮಧ್ಯದಲ್ಲಿ ಮಡಿಚಿ ಬೀಳದ ಚಪ್ಪಲಿ ಬೇಕು. ಚಪ್ಪಲಿ ಹೊಸ್ತಿಲ ಹೊರಗೇ ಇರಬೇಕೆಂಬ ನಮ್ಮ ಮನೆಗಳ ಕ್ರಮಕ್ಕೆ ಭಂಗ ಬರದಂತೆ, ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆಯನ್ನು ಬೇರೆಯೇ ಇಟ್ಟುಕೊಳ್ಳುವುದು ಸುಲಭದ ದಾರಿ. ಅಡುಗೆಮನೆಯಲ್ಲಿ ನಿಲ್ಲುವ ಜಾಗಕ್ಕೆ ದಪ್ಪ ಮ್ಯಾಟ್ ಹಾಕಬಹುದು. ದುಬಾರಿ ಅಳತೆಯ ಇನ್‌ಸೋಲ್ ಬೇಕೇ? ಆಸ್ಟ್ರೇಲಿಯಾದ ಕಾರ್ಲ್ ಲ್ಯಾಂಡಾರ್ಫ್ ತಂಡ 2006ರಲ್ಲಿ 135 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ ಅಂಗಡಿಯ ಸಿದ್ಧ ಇನ್‌ಸೋಲಿಗೂ ಅಳತೆ ತೆಗೆದು ಮಾಡಿಸಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಎರಡರ ಲಾಭವೂ ಮೊದಲ ಕೆಲವು ತಿಂಗಳಿನದು. ಆದ್ದರಿಂದ ಮೊದಲು ಅಗ್ಗದ್ದನ್ನೇ ಕೊಳ್ಳಿ. ಫಿಸಿಯೊಥೆರಪಿಸ್ಟರು ಪಾದಕ್ಕೆ ಹಾಕುವ ಟೇಪ್ ಮೊದಲ ವಾರಗಳ ನೋವನ್ನು ತಗ್ಗಿಸುತ್ತದೆ. 2021ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಚಿಕಿತ್ಸಾ ಮಾರ್ಗದರ್ಶಿಯೂ ಎಳೆತ, ಟೇಪ್ ಮತ್ತು ರೋಗಿಗೆ ಸರಿಯಾದ ತಿಳಿವಳಿಕೆ – ಈ ಮೂರನ್ನೇ ತಳಪಾಯವೆಂದು ಹೇಳಿ, ಇವುಗಳಿಂದ ಸಾಕಷ್ಟು ಗುಣವಾಗದಿದ್ದರೆ ಶಾಕ್‌ವೇವ್ ಚಿಕಿತ್ಸೆ, ಆಮೇಲೆ ಅಳತೆಯ ಇನ್‌ಸೋಲ್ ಎಂದು ಮೆಟ್ಟಿಲುಗಳನ್ನು ಜೋಡಿಸಿದೆ. ಶಸ್ತ್ರಚಿಕಿತ್ಸೆಗೆ ಈ ಮೆಟ್ಟಿಲುಗಳಲ್ಲಿ ಜಾಗವಿಲ್ಲ.

ಎಕ್ಕದೆಲೆ, ಎಣ್ಣೆ, ಇಂಜೆಕ್ಷನ್

ಮನೆಮದ್ದುಗಳ ಮಾತಿಲ್ಲದೆ ನಮ್ಮಲ್ಲಿ ಹಿಮ್ಮಡಿ ನೋವಿನ ಮಾತು ಮುಗಿಯದು. ಬಿಸಿ ಇಟ್ಟಿಗೆಯ ಮೇಲೆ ಎಕ್ಕದೆಲೆ ಹಾಸಿ ಹಿಮ್ಮಡಿ ಒತ್ತುವುದು, ಹರಳೆಣ್ಣೆ ಸವರಿ ಉಪ್ಪಿನ ಬಿಸಿನೀರಿನಲ್ಲಿ ಕಾಲಿಡುವುದು ಹಳ್ಳಿ ಹಳ್ಳಿಯಲ್ಲೂ ಇದೆ. ಕಾವು ಬಿಗಿತ ಸಡಿಲಿಸುತ್ತದೆ, ಹೊತ್ತಿನ ಮಟ್ಟಿಗೆ ಹಾಯೆನಿಸುತ್ತದೆ. ಅದನ್ನು ಅಲ್ಲಗಳೆಯಬೇಕಿಲ್ಲ. ಎಳೆತದ ವ್ಯಾಯಾಮಕ್ಕೆ ಮುಂಚೆ ಕಾವು ಕೊಟ್ಟುಕೊಂಡರೆ ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆಯವರ ವಿಷಯ ಬೇರೆ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಇಟ್ಟಿಗೆ ಎಷ್ಟು ಬಿಸಿಯಿದೆ ಎಂಬುದೇ ತಿಳಿಯುವುದಿಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ಹಿಮ್ಮಡಿ ನೋವಿನಿಂದ ಶುರುವಾದದ್ದು ಕಾಲನ್ನೇ ಕಳೆದುಕೊಳ್ಳುವ ಹಂತ ತಲುಪಬಹುದು. ಎಕ್ಕದ ಹಾಲು ಚರ್ಮವನ್ನು, ಕಣ್ಣನ್ನು ಸುಡುತ್ತದೆ ಎಂಬ ಎಚ್ಚರವೂ ಬೇಕು. ಈ ಪ್ರದೇಶಕ್ಕೆ ಚಿಕಿತ್ಸಕರ ಕೊರತೆಯೇನಿಲ್ಲ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು, ಮೂಡುಬಿದಿರೆಯಲ್ಲಿ ಆಳ್ವಾಸ್‌ನ ಆಯುರ್ವೇದ ಮತ್ತು ಫಿಸಿಯೊಥೆರಪಿ ಕಾಲೇಜುಗಳು, ಬಂಟ್ವಾಳ, ಬೆಳ್ತಂಗಡಿಯ ತಾಲ್ಲೂಕು ಆಸ್ಪತ್ರೆಗಳು, ಮಂಗಳೂರಿನ ವೆನ್ಲಾಕ್ ಕೈಯಳತೆಯಲ್ಲೇ ಇವೆ. ಯಾವ ಪದ್ಧತಿಯ ಬಾಗಿಲು ತಟ್ಟಿದರೂ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಪಾದ ಭಾರ ತಾಳುವಂತೆ ಮಾಡಲು ನೀವು ನನಗೆ ಏನು ಕಲಿಸುತ್ತೀರಿ?

‘ಇಂಜೆಕ್ಷನ್ ಕೊಟ್ಟ ಮರುದಿನವೇ ನೋವು ಹೋಯಿತು, ಮತ್ತೇಕೆ ಮೂರು ತಿಂಗಳ ವ್ಯಾಯಾಮ?’ ಎಂಬುದು ಎರಡನೆಯ ಆಕ್ಷೇಪ. ಹೋದದ್ದು ನಿಜ. 2012ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಮೆಕ್‌ಮಿಲನ್ ತಂಡ 82 ಮಂದಿಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನನ್ನು ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದಾಗ ನಾಲ್ಕು ವಾರಗಳ ಹೊತ್ತಿಗೆ ನೋವು ಕಡಿಮೆಯಾಗಿದ್ದು ಕಂಡಿತು. ಅದರಾಚೆ ನೋವಿನಲ್ಲಿ ಆ ಲಾಭ ಉಳಿಯಲಿಲ್ಲ. ಪದೇ ಪದೇ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ಆ ಮೆತ್ತೆ ಕರಗಿದರೆ ಮತ್ತೆ ಬೆಳೆಸುವ ಸುಲಭದ ದಾರಿಯಿಲ್ಲ. ಮದುವೆಯೋ ಜಾತ್ರೆಯೋ ಕೊಯ್ಲೋ ಎದುರಿಗಿದ್ದು ನಡೆಯಲೇಬೇಕಾದವರಿಗೆ ವೈದ್ಯರು ಒಮ್ಮೆ ಕೊಟ್ಟರೆ ತಪ್ಪೇನಿಲ್ಲ. ಆದರೆ ನೋವಿಲ್ಲದ ಆ ನಾಲ್ಕು ವಾರಗಳನ್ನು ವ್ಯಾಯಾಮ ಶುರು ಮಾಡಲು ಬಳಸಿಕೊಳ್ಳದೆ ಮೊದಲಿನಂತೆಯೇ ದುಡಿದರೆ ಸವೆದ ನಾರು ಇನ್ನಷ್ಟು ಸವೆಯುತ್ತದೆ.

ಮೂರನೆಯ ಆಕ್ಷೇಪ ಎದುರು ದಿಕ್ಕಿನದು: ‘ಹೇಗೂ ತಾನಾಗಿಯೇ ವಾಸಿಯಾಗುವ ಕಾಯಿಲೆ, ಸುಮ್ಮನಿದ್ದರಾಯಿತು.’ ಹತ್ತರಲ್ಲಿ ಎಂಟೊಂಬತ್ತು ಮಂದಿ ಒಂದು ವರ್ಷದೊಳಗೆ ಸುಧಾರಿಸುತ್ತಾರೆ ಎಂಬ ಮಾತು ವೈದ್ಯರಲ್ಲಿ ಬಹುಕಾಲ ಚಾಲ್ತಿಯಲ್ಲಿದೆ. ಆದರೆ 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ 174 ರೋಗಿಗಳ ದೀರ್ಘ ಅಧ್ಯಯನ ಅಷ್ಟು ನಿರಾಳವಾಗಿಲ್ಲ. ನೋವು ಶುರುವಾಗಿ ಐದು ವರ್ಷವಾದಾಗಲೂ ಅರ್ಧದಷ್ಟು ಜನರಲ್ಲಿ, ಹತ್ತು ವರ್ಷವಾದಾಗ ಸುಮಾರು 46 ಶೇಕಡಾ ಜನರಲ್ಲಿ ಅದು ಉಳಿದಿತ್ತು. ಅವರು ತಜ್ಞರ ಆಸ್ಪತ್ರೆಗೆ ಬಂದ ಜಟಿಲ ರೋಗಿಗಳು, ಊರಿನ ಎಲ್ಲರಿಗೂ ಆ ಅಂಕಿ ಹೊಂದುವುದಿಲ್ಲ. ಆದರೂ ಸುಮ್ಮನಿದ್ದು ಕಾಯುವುದು ಚಿಕಿತ್ಸೆಯಲ್ಲ ಎಂಬುದಕ್ಕೆ ಅಷ್ಟು ಸಾಕು. ಪೂರ್ತಿ ವಿಶ್ರಾಂತಿಯೂ ಕೆಲಸ ಮಾಡದು. ಮಲಗಿದಷ್ಟು ದಿನ ನೋವು ಕಡಿಮೆ, ಎದ್ದು ದುಡಿಯತೊಡಗಿದ ದಿನ ಮೊದಲಿನದೇ ಕಥೆ.

ಹಾಗಾದರೆ ಶಸ್ತ್ರಚಿಕಿತ್ಸೆ ಯಾರಿಗೂ ಬೇಡವೇ? ಆರರಿಂದ ಹನ್ನೆರಡು ತಿಂಗಳು ಕ್ರಮವಾಗಿ ಚಿಕಿತ್ಸೆ ಪಡೆದೂ, ಬೇರೆ ಕಾಯಿಲೆಗಳಿಲ್ಲವೆಂದು ಖಚಿತವಾಗಿಯೂ, ನಡೆಯಲಾಗದಷ್ಟು ನೋವು ಉಳಿದ ಕೆಲವರಿಗೆ ಅದು ಬೇಕಾಗಬಹುದು. ಸಾಮಾನ್ಯವಾಗಿ ಮಾಡುವುದು ಪಟ್ಟಿಯ ಒಂದು ಭಾಗವನ್ನು ಕತ್ತರಿಸಿ ಸಡಿಲಿಸುವುದು. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದರೆ ಕಮಾನು ಕುಸಿದು ಪಾದದ ಹೊರಬದಿಯಲ್ಲಿ ಹೊಸ ನೋವು ಹುಟ್ಟಬಹುದು. ಕಮಾನನ್ನು ಹಿಡಿದಿಡುವ ಪಟ್ಟಿಯನ್ನೇ ಕತ್ತರಿಸುವ ಈ ತೀರ್ಮಾನ ಆ ಪಟ್ಟಿಗೆ ಬಲ ತುಂಬುವ ಎಲ್ಲ ದಾರಿ ಮುಗಿದ ಮೇಲೆ ಬರಬೇಕು. ಎಕ್ಸ್‌ರೇ ಕೈಗೆ ಬಂದ ವಾರವೇ ಬರಬಾರದು.

ಉಳಿದಿರುವುದು ಎಲ್ಲಕ್ಕಿಂತ ನ್ಯಾಯವಾದ ಆಕ್ಷೇಪ: ‘ದಿನವಿಡೀ ನಿಂತು ದುಡಿಯುವವಳಿಗೆ ವ್ಯಾಯಾಮ ಹೇಳುವುದು ಸುಲಭ, ಅವಳ ನಿಲ್ಲುವ ಹೊತ್ತು ಇಳಿಸುವವರು ಯಾರು?’ ಇದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿಲ್ಲ, ಕಾನೂನಿನಲ್ಲಿದೆ. ನಿಂತೇ ಕೆಲಸ ಮಾಡಬೇಕಾದ ಕಾರ್ಮಿಕರಿಗೆ ಬಿಡುವು ಸಿಕ್ಕಾಗ ಕೂರಲು ಆಸನದ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ವಿಧಿಸಿತು. ಕಾರ್ಮಿಕರ ಸುರಕ್ಷತೆಗಾಗಿ ತಂದ 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಂಗಡಿ ಮಳಿಗೆಗಳ ಹುಡುಗಿಯರಿಗೆ ಕೂರುವ ಹಕ್ಕು ಕೊಡಲು ನೆರೆಯ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಕಾಯ್ದೆಗಳನ್ನು ತಿದ್ದಿದವು. ಒಂದು ಸ್ಟೂಲ್, ನಿಲ್ಲುವ ಜಾಗಕ್ಕೆ ಒಂದು ರಬ್ಬರ್ ಮ್ಯಾಟ್, ಗಂಟೆಗೊಮ್ಮೆ ಪೆಡಲ್ ಒತ್ತುವ ಕಾಲು ಬದಲಿಸುವ ರೂಢಿ, ಕಾಲು ಎಳೆದುಕೊಳ್ಳಲು ಎರಡು ನಿಮಿಷ – ಇಷ್ಟಕ್ಕೆ ಮಾಲೀಕರಿಗೆ ತಗಲುವ ಖರ್ಚು ಒಬ್ಬ ಅನುಭವಿ ಕೆಲಸಗಾರ್ತಿ ನೋವಿನಿಂದ ಕೆಲಸ ಬಿಟ್ಟರೆ ಆಗುವ ನಷ್ಟದ ಮುಂದೆ ಏನೂ ಅಲ್ಲ. ಮೇಳದ ಕಲಾವಿದರೂ ಗೆಜ್ಜೆ ಕಟ್ಟುವ ಒಂದೂವರೆ ತಿಂಗಳ ಮುಂಚೆಯೇ ಮೆಟ್ಟಿಲ ವ್ಯಾಯಾಮ ಶುರು ಮಾಡಬಹುದು, ಪಾದಯಾತ್ರೆ ಹೊರಡುವವರು ವಾರ ವಾರಕ್ಕೆ ದೂರ ಹೆಚ್ಚಿಸುತ್ತ ನಡೆದು ರೂಢಿ ಮಾಡಿಕೊಳ್ಳಬಹುದು.

ಹಿಮ್ಮಡಿ ನೋವಿರುವ ಓದುಗರಿಗೆ ಹೇಳಬೇಕಾದದ್ದು ಇಷ್ಟೇ. ನಾಳೆ ಬೆಳಿಗ್ಗೆ ನೆಲಕ್ಕೆ ಕಾಲಿಡುವ ಮೊದಲೇ ಬೆರಳು ಹಿಡಿದು ಹತ್ತು ಸಲ ಎಳೆಯಿರಿ. ಮನೆಯೊಳಗೆ ಮೆತ್ತನೆಯ ಚಪ್ಪಲಿ ಹಾಕಿ. ದಿನ ಬಿಟ್ಟು ದಿನ ಮೆಟ್ಟಿಲ ವ್ಯಾಯಾಮ ಮಾಡಿ. ಇಂದಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹನ್ನೆರಡು ವಾರ ಬಿಡದೆ ನಡೆಸಿ. ಸಕ್ಕರೆ ಕಾಯಿಲೆಯಿದ್ದರೆ, ಜೋಮು, ಜ್ವರ, ಬಾವು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅಷ್ಟಾಗುವವರೆಗೆ ಎಕ್ಸ್‌ರೇಯ ಮುಳ್ಳಿಗೆ ಹೆದರಿ ಆಪರೇಷನ್ನಿಗೆ ದಿನ ಗೊತ್ತುಮಾಡಬೇಡಿ.